ಕ್ಲಾಸಿನಲ್ಲಿ ಕಡ್ಡಿ, ಅಡಿಕೆ, ಮಣ್ಣು. ನೋಟ್ ಪುಸ್ತಕ ಖಾಲಿ. ಮಗು ಕಲಿಯುತ್ತಿದೆಯಾ?

ಪ್ರಶ್ನೆ: ನಾವು ಕಾಸರಗೋಡಿನ ಬದಿಯಡ್ಕ ಕಡೆಯವರು. ಮಗಳು ಹತ್ತಿರದ ಕನ್ನಡ ಮಾಧ್ಯಮ ಎಲ್‌ಪಿ (ಕೆಳ ಪ್ರಾಥಮಿಕ) ಶಾಲೆಯಲ್ಲಿ ಮೂರನೇ ಕ್ಲಾಸು. ಮನೆಯಲ್ಲಿ ತುಳು, ನೆರೆಕರೆಯವರೊಟ್ಟಿಗೆ ಮಲಯಾಳ, ಕನ್ನಡ ಶಾಲೆಯಲ್ಲಿ ಮಾತ್ರ. ಈ ವರ್ಷ ಹೊಸ ಟೀಚರ್ ಬಂದಿದ್ದಾರೆ. ಮಕ್ಕಳಿಗೆ ಅವರೆಂದರೆ ತುಂಬ ಇಷ್ಟ. ಆದರೆ ದಿನಾ ಅಡಿಕೆ, ಹಿಡಿಸೂಡಿ (ಪೊರಕೆ) ಕಡ್ಡಿ, ಎಲೆ, ಮಣ್ಣು. ಸಂಜೆ ಪುಸ್ತಕ ತೆರೆದರೆ ಎರಡು ಗೆರೆ, ಒಂದು ಚಿತ್ರ, ಅಷ್ಟೇ. ನಾದಿನಿಯ ಮಗ ಅದೇ ಪ್ರಾಯದವನು, ಇಂಗ್ಲಿಷ್ ಮೀಡಿಯಂ. ಅವನ ನೋಟ್ ಪುಸ್ತಕ ತುಂಬಿ ಎರಡನೆಯದು ತಂದಾಗಿದೆ. ಓಣಂ ಪರೀಕ್ಷೆಯಲ್ಲಿ ನನ್ನ ಮಗಳು 52ರಿಂದ 27 ಕಳೆದು 35 ಎಂದು ಬರೆದಿದ್ದಾಳೆ. ಕೇಳಿದರೆ "ಇವಳಿಗೆ ಕೈಯಲ್ಲಿ ಮಾಡಿದರೆ ಮಾತ್ರ ತಲೆಗೆ ಹೋಗುವುದು, ಕೆಲವು ಮಕ್ಕಳು ಹಾಗೆ" ಅಂತ ಟೀಚರ್ ಹೇಳಿದರು. ಮುಂದಿನ ವರ್ಷ ಎಲ್‌ಎಸ್‌ಎಸ್ ಸ್ಕಾಲರ್‌ಶಿಪ್ ಪರೀಕ್ಷೆ ಬೇರೆ. ಮೇಲಿಂದ ಪ್ರಾಜೆಕ್ಟ್ ಎಂದು ಮನೆಗೆ ಕೊಡುತ್ತಾರೆ, ರಾತ್ರಿ ಹನ್ನೊಂದರವರೆಗೆ ಥರ್ಮಾಕೋಲ್ ಕತ್ತರಿಸುವುದು ನಾನು. ಅತ್ತೆಯವರು "ಡಿಪಿಇಪಿ (ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ) ಬಂದಾಗಲೂ ಹೀಗೇ ಆದದ್ದು, ಮಕ್ಕಳು ಹಾಡು ಕಲಿತರು, ಮಗ್ಗಿ ಕಲಿಯಲಿಲ್ಲ" ಎನ್ನುತ್ತಾರೆ. ನಮ್ಮ ಯಜಮಾನರು ಶಾಲೆ ಬದಲಾಯಿಸುವ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಆ 35. ಪುಸ್ತಕ ಖಾಲಿ ಇರುವುದರಿಂದ ಹೆಚ್ಚೇನೂ ಗೊತ್ತಾಗುವುದಿಲ್ಲ. ಆ ಒಂದು ತಪ್ಪು ಉತ್ತರದಿಂದ ತುಂಬ ಗೊತ್ತಾಗುತ್ತದೆ. ಅಲ್ಲಿಂದಲೇ ಸುರು ಮಾಡುತ್ತೇನೆ.

ನಿಮ್ಮ ಮಗಳು ಗಮನ ಇಲ್ಲದೆ ಬರೆದದ್ದಲ್ಲ ಅದು. ಬಿಡಿಯ ಸ್ಥಾನದಲ್ಲಿ 2ರಿಂದ 7 ಹೋಗುವುದಿಲ್ಲ. ಹಾಗಾಗಿ ತಿರುಗಿಸಿ 7ರಿಂದ 2 ಕಳೆದು 5 ಬರೆದಳು. ಹತ್ತರ ಸ್ಥಾನದಲ್ಲಿ 5ರಿಂದ 2 ಹೋಗಿ 3. ಸೇರಿಸಿದರೆ 35. ಒಂದನೇ ಕ್ಲಾಸಿನಲ್ಲಿ ನಾವೇ "ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು" ಅಂತ ಹೇಳಿರುತ್ತೇವೆ, ಅವಳು ಅದನ್ನು ನಿಷ್ಠೆಯಿಂದ ಪಾಲಿಸಿದ್ದಾಳೆ. ಕಳೆಯುವ ಲೆಕ್ಕದಲ್ಲಿ ಮಕ್ಕಳು ಮಾಡುವ ತಪ್ಪುಗಳಲ್ಲಿ ತೀರಾ ಸಾಮಾನ್ಯವಾದದ್ದು ಇದು. ಪುಸ್ತಕ ತುಂಬಿಸುವ ಮಕ್ಕಳೂ ಮಾಡುತ್ತಾರೆ. ಬೇಕಾದರೆ ನಾದಿನಿಯ ಮಗನಿಗೂ ಒಂದು ಲೆಕ್ಕ ಕೊಟ್ಟು ನೋಡಿ, ಮನೆಯಲ್ಲಿ ಜಗಳ ಆಗದ ಹಾಗೆ.

ಈ ತಪ್ಪಿನ ಬೇರು ಎಲ್ಲಿದೆ? ಅವಳ ಕಣ್ಣಿಗೆ 52 ಅಂದರೆ ಒಂದು ಐದು, ಪಕ್ಕದಲ್ಲಿ ಒಂದು ಎರಡು. ಆ ಐದು ಐವತ್ತು ಅನ್ನುವುದು ಬಾಯಿಗೆ ಗೊತ್ತು, ಲೆಕ್ಕ ಮಾಡುವಾಗ ನೆನಪಾಗುವುದಿಲ್ಲ. ಹಿಡಿಸೂಡಿ ಕಡ್ಡಿ ಬರುವುದು ಇಲ್ಲಿಯೇ. ಹತ್ತು ಹತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿ ಐದು ಕಟ್ಟು, ಎರಡು ಬಿಡಿ ಕಡ್ಡಿ ಮಗುವಿನ ಮುಂದೆ ಇಡಿ. "ನನಗೆ ಏಳು ಕಡ್ಡಿ ಕೊಡು" ಎಂದು ಕೇಳಿ. ಮಗು ಎರಡು ಬಿಡಿ ಕಡ್ಡಿ ಎತ್ತಿಕೊಳ್ಳುತ್ತದೆ, ನಿಲ್ಲುತ್ತದೆ. ಕಟ್ಟನ್ನು ನೋಡುತ್ತದೆ, ನಿಮ್ಮ ಮುಖ ನೋಡುತ್ತದೆ. ಕೆಲವರು ಇಡೀ ಕಟ್ಟನ್ನೇ ಕೊಡಲು ಬರುತ್ತಾರೆ. "ಅಷ್ಟು ಬೇಡ, ಏಳು ಸಾಕು" ಎಂದರೆ ರಬ್ಬರ್ ಬ್ಯಾಂಡ್ ತೆಗೆಯುತ್ತಾರೆ. ಈಗ ನಾಲ್ಕು ಕಟ್ಟು, ಹನ್ನೆರಡು ಬಿಡಿ. ಏಳು ಕೊಟ್ಟರೆ ಐದು ಉಳಿಯಿತು. ಎರಡು ಕಟ್ಟು ಕೊಟ್ಟರೆ ಎರಡು ಉಳಿಯಿತು. 25. ಆ ರಬ್ಬರ್ ಬ್ಯಾಂಡ್ ತೆಗೆದ ಕ್ಷಣವೇ ಆ ಪಾಠದ ಜೀವ. ಬೋರ್ಡಿನ ಮೇಲೆ ನೂರು ಸಲ ಬರೆದರೂ ಕೆಲವು ಮಕ್ಕಳಿಗೆ ಅದು ಹೊಳೆಯುವುದಿಲ್ಲ.

ಅಂದ ಹಾಗೆ, ಇದಕ್ಕೆ ಅಡಿಕೆ ಅಷ್ಟು ಒಳ್ಳೆಯದಲ್ಲ. ಎಣಿಸಲಿಕ್ಕೆ ಸರಿ, ಕಟ್ಟು ಕಟ್ಟಲಿಕ್ಕೆ ಆಗುವುದಿಲ್ಲ, ಬೆಂಚಿನಿಂದ ಉರುಳಿ ಅರ್ಧ ಪೀರಿಯಡ್ ಹುಡುಕುವುದರಲ್ಲೇ ಹೋಗುತ್ತದೆ. ಹತ್ತರ ಲೆಕ್ಕಕ್ಕೆ ಕಡ್ಡಿಯೇ ಬೇಕು.

ಈಗ ನೀವು ಕೇಳಬಹುದು: ಇಷ್ಟೆಲ್ಲ ಕಡ್ಡಿ ಹಿಡಿದವಳು ಪರೀಕ್ಷೆಯಲ್ಲಿ ಯಾಕೆ ತಪ್ಪಿದಳು? ನ್ಯಾಯವಾದ ಪ್ರಶ್ನೆ. ನನಗೆ ಕಾಣುವುದು ಹೀಗೆ. ಕಡ್ಡಿ ಕಡೆ ಒಂದು ಆಟ, ಪುಸ್ತಕದ ಕಡೆ ಒಂದು ಲೆಕ್ಕ, ಎರಡೂ ಅವಳ ತಲೆಯಲ್ಲಿ ಬೇರೆಬೇರೆ ಕೋಣೆಯಲ್ಲಿವೆ. ಕಡ್ಡಿಯ ಒಳಗೆ ಸಂಖ್ಯೆ ಇಲ್ಲ. ದೊಡ್ಡವರಾದ ನಮಗೆ ಅಲ್ಲಿ 52 ಕಾಣುತ್ತದೆ, ಯಾಕೆಂದರೆ ನಮಗೆ ಮೊದಲೇ ಗೊತ್ತು. ಮಗುವಿಗೆ ಕಾಣುವುದು ಕಡ್ಡಿ. ಎರಡನ್ನೂ ಜೋಡಿಸುವ ಕೆಲಸ ಯಾರಾದರೂ ಮಾಡಿಸಬೇಕು. ಕಟ್ಟು ಬಿಚ್ಚಿದ ಕೂಡಲೇ ಸ್ಲೇಟಿನಲ್ಲಿ 5 ಹೊಡೆದು 4 ಬರೆಯಬೇಕು, 2ರ ಜಾಗದಲ್ಲಿ 12 ಬರೆಯಬೇಕು. ಒಂದು ಕೈಯಲ್ಲಿ ಕಡ್ಡಿ, ಒಂದು ಕೈಯಲ್ಲಿ ಬಳಪ. ಇದು ಕೆಲವು ದಿನ ನಡೆಯಬೇಕು. ಆಮೇಲೆ ಕಡ್ಡಿ ಬದಲು ಚಿತ್ರ: ಕಟ್ಟಿಗೆ ಒಂದು ಉದ್ದ ಗೆರೆ, ಬಿಡಿಗೆ ಒಂದು ಚುಕ್ಕಿ. ಆಮೇಲೆ ಬರೀ ಅಂಕೆ. ಕೈ, ಚಿತ್ರ, ಚಿಹ್ನೆ ಎಂಬ ಈ ದಾರಿಯನ್ನು 1960ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ ವಿವರಿಸಿದ್ದರು. ಇಂದಿಗೂ ಪ್ರೈಮರಿ ಗಣಿತಕ್ಕೆ ಅದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ನಮ್ಮ ಎಷ್ಟೋ ಕ್ಲಾಸುಗಳಲ್ಲಿ ಮೊದಲನೆಯದು ಜೋರಾಗಿ ನಡೆಯುತ್ತದೆ, ಮೂರನೆಯದು ಪರೀಕ್ಷೆಯಲ್ಲಿ ಬರುತ್ತದೆ, ನಡುವಿನದು ಬಿಟ್ಟುಹೋಗುತ್ತದೆ.

ಹಾಗಾಗಿ ಮನೆಯಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿ. ಸ್ನಾನ, ಕಾಫಿ ಆದ ಮೇಲೆ, ಟಿವಿ ಆಫ್ ಇರುವಾಗ. 43ರಿಂದ 18 ಕಳೆಯಲಿಕ್ಕೆ ಹೇಳಿ, ಬರೀ ಪೆನ್ಸಿಲು ಕಾಗದ. ಉತ್ತರ ಸರಿಯೋ ತಪ್ಪೋ, ಏನೂ ಹೇಳಬೇಡಿ. "ಹೇಗೆ ಮಾಡಿದೆ ಅಂತ ನನಗೆ ಹೇಳು" ಎಂದು ತುಳುವಿನಲ್ಲೇ ಕೇಳಿ. ಸರಿ ಮಾಡಿ, ಕಟ್ಟು ಬಿಚ್ಚಿದ ಮಾತು ಅವಳ ಬಾಯಲ್ಲಿ ಬಂದರೆ ನಿಶ್ಚಿಂತೆಯಿಂದ ಇರಿ, ಟೀಚರ್ ಕೆಲಸ ಫಲ ಕೊಟ್ಟಿದೆ. ಕಾಗದದಲ್ಲಿ 35 ಬರೆದು, ಕಡ್ಡಿ ಕೊಟ್ಟಾಗ ಸರಿಯಾಗಿ 25 ಮಾಡಿದರೆ ಸೇತುವೆ ಮಾತ್ರ ಕಟ್ಟಬೇಕು, ಅದು ಕೆಲವು ವಾರದ ಕೆಲಸ. ಕಡ್ಡಿ ಕೊಟ್ಟರೂ ಏನು ಮಾಡಬೇಕೆಂದು ಗೊತ್ತಾಗದಿದ್ದರೆ ಎರಡನೇ ಕ್ಲಾಸಿನ ಹತ್ತು-ಬಿಡಿ ಪಾಠಕ್ಕೆ ಹಿಂದೆ ಹೋಗಬೇಕು, ಅದನ್ನು ಟೀಚರಿಗೆ ನೇರವಾಗಿ ಹೇಳಿ.

ಇನ್ನು "ಇವಳಿಗೆ ಕೈಯಲ್ಲಿ ಮಾಡಿದರೆ ಮಾತ್ರ" ಎಂಬ ಮಾತು. ಟೀಚರ್ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಆದರೆ ಅದನ್ನು ನಂಬಬೇಡಿ. ಕೆಲವರು ಕಣ್ಣಿನಿಂದ ಕಲಿಯುವವರು, ಕೆಲವರು ಕಿವಿಯಿಂದ, ಕೆಲವರು ಕೈಯಿಂದ ಎಂಬ ವಿಂಗಡಣೆ ತರಬೇತಿಗಳಲ್ಲಿ ಬಹಳ ಓಡಾಡಿದೆ. 2008ರಲ್ಲಿ ಅಮೆರಿಕದ ನಾಲ್ವರು ಮನಶ್ಶಾಸ್ತ್ರಜ್ಞರು ಅದರ ಮೇಲಿನ ಸಂಶೋಧನೆಗಳನ್ನೆಲ್ಲ ಜಾಲಾಡಿ, ಆ ಪ್ರಕಾರ ಪಾಠ ಮಾಡಿದರೆ ಹೆಚ್ಚು ಕಲಿಯುತ್ತಾರೆ ಎನ್ನಲು ಸಾಕಷ್ಟು ಆಧಾರ ಇಲ್ಲ ಎಂದರು. ಹೊಸ ವಿಷಯ ಬಂದಾಗ ಎಲ್ಲ ಮಕ್ಕಳಿಗೂ ಕೈ ಬೇಕು, ಗೊತ್ತಾದ ಮೇಲೆ ಎಲ್ಲ ಮಕ್ಕಳೂ ಕೈ ಬಿಡಬೇಕು. "ನಾನು ಕೈಯಲ್ಲಿ ಕಲಿಯುವವಳು" ಅಂತ ಮಗುವಿನ ತಲೆಗೆ ಹೋದರೆ ಓದುವುದನ್ನು ಅವಳೇ ತನ್ನದಲ್ಲ ಅಂದುಕೊಳ್ಳುತ್ತಾಳೆ. ಇದೇ ಸಾಲಿನ ಇನ್ನೊಂದು: ಓದಿದ್ದರಲ್ಲಿ ಶೇ. 10 ನೆನಪಿರುತ್ತದೆ, ಮಾಡಿದ್ದರಲ್ಲಿ ಶೇ. 90 ಎಂಬ ಚಾರ್ಟು. ಶಾಲೆಯ ಗೋಡೆಯಲ್ಲಿ, ವಾಟ್ಸಾಪಿನಲ್ಲಿ ನೀವೂ ನೋಡಿರಬಹುದು. ಎಡ್ಗರ್ ಡೇಲ್ ಎಂಬವರು 1946ರಲ್ಲಿ ಬರೆದ ಒಂದು ಚಿತ್ರಕ್ಕೆ ಯಾರೋ ಆಮೇಲೆ ಅಂಟಿಸಿದ ಅಂಕಿಗಳು ಅವು. ಡೇಲ್ ಚಿತ್ರದಲ್ಲಿ ಶೇಕಡಾವಾರು ಇರಲೇ ಇಲ್ಲ.

ನಿಮ್ಮ ಅತ್ತೆಯವರ ಮಾತಿಗೆ ಬರುತ್ತೇನೆ, ಅದರಲ್ಲಿ ಸ್ವಲ್ಪ ಸತ್ಯ ಇದೆ. 1994ರಲ್ಲಿ ಕೇರಳಕ್ಕೆ ಡಿಪಿಇಪಿ ಬಂದಾಗ ಮೊದಲ ಹಂತದ ಮೂರು ಜಿಲ್ಲೆಗಳಲ್ಲಿ ನಮ್ಮ ಕಾಸರಗೋಡೂ ಒಂದು. ವಯನಾಡು, ಮಲಪ್ಪುರಂ ಇನ್ನೆರಡು. ಚಟುವಟಿಕೆಯ ಪಾಠಪುಸ್ತಕ ಬಂತು, ಬಾಯಿಪಾಠ ಹೋಯಿತು, ಹೆತ್ತವರು ಸಿಟ್ಟಾದರು. ಆಗ ಸರಿಯಾದ ತರಬೇತಿ ಸಿಕ್ಕಿದ ಟೀಚರ ಕ್ಲಾಸಿನಲ್ಲಿ ಮಕ್ಕಳು ಚೆನ್ನಾಗಿ ಕಲಿತರು. ಹಾಡು-ಕುಣಿತ ಅಷ್ಟನ್ನೇ ಎತ್ತಿಕೊಂಡ ಕ್ಲಾಸಿನಲ್ಲಿ ಕಲಿಯಲಿಲ್ಲ. ಮಗ್ಗಿ ಬಾಯಿಗೆ ಬರಬೇಕು ಎನ್ನುವುದರಲ್ಲಿ ನಾನು ಅತ್ತೆಯವರ ಪಕ್ಷ. ಏಳೆಂಟಲ ಎಷ್ಟು ಎಂದು ಪ್ರತಿಸಲ ಕಡ್ಡಿ ಎಣಿಸುತ್ತ ಕೂತರೆ ದೊಡ್ಡ ಲೆಕ್ಕ ಮಾಡಲಿಕ್ಕೆ ತಲೆಯಲ್ಲಿ ಜಾಗ ಎಲ್ಲಿರುತ್ತದೆ? ಏಳು ಎಂಟರ ಅರ್ಥ ಒಂದು ಸಲ ಕಡ್ಡಿಯಲ್ಲಿ, ಸಾಲು ಚುಕ್ಕಿಯಲ್ಲಿ ನೋಡಲಿ. ಆಮೇಲೆ ಬಾಯಿಪಾಠ ಆಗಲಿ. ಎರಡಕ್ಕೂ ಜಗಳ ಇಲ್ಲ.

ಕಾನೂನಿನ ಮಾತೂ ಗೊತ್ತಿರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಂ ಚಟುವಟಿಕೆ, ಹುಡುಕಾಟದ ಮೂಲಕ ಕಲಿಸಬೇಕು ಎನ್ನುತ್ತದೆ. ಟೀಚರ್ ತಮ್ಮ ಇಷ್ಟಕ್ಕೆ ಆಡಿಸುತ್ತಿಲ್ಲ. ಗಡಿಯಾಚೆ ಕರ್ನಾಟಕದಲ್ಲೂ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಸುರುವಾದ ನಲಿ-ಕಲಿ ಇದೇ ದಾರಿಯದ್ದು.

ಒಳ್ಳೆಯ ಚಟುವಟಿಕೆ ಹೇಗಿರುತ್ತದೆ ಅಂತ ನೀವೇ ಗುರುತಿಸುವ ಹಾಗೆ ಒಂದೆರಡು ಹೇಳುತ್ತೇನೆ. ನಾನು ಎಲ್‌ಪಿಯಲ್ಲಿ ಪಾಠ ಮಾಡಿ, ಆಮೇಲೆ ಟೀಚರುಗಳ ತರಬೇತಿಯಲ್ಲಿ ಇದ್ದವಳು, ಇವು ಕ್ಲಾಸಿನಲ್ಲಿ ಕಂಡದ್ದು.

ಅಳತೆಯ ಪಾಠ. ಮಕ್ಕಳು ಬೆಂಚನ್ನು ಗೇಣಿನಲ್ಲಿ ಅಳೆಯುತ್ತಾರೆ. ಒಬ್ಬನಿಗೆ ಹನ್ನೊಂದು, ಒಬ್ಬಳಿಗೆ ಹದಿಮೂರು, ಟೀಚರಿಗೆ ಒಂಬತ್ತು. ಗಲಾಟೆ ಸುರು. "ನೀನು ಗೇಣು ಸರಿಯಾಗಿ ಬಿಡಿಸಲಿಲ್ಲ", "ನಿನ್ನ ಕೈ ಗಿಡ್ಡ". ಒಳ್ಳೆಯ ಟೀಚರ್ ಇಲ್ಲಿ ಸುಮ್ಮನಿರುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಕೇಳುತ್ತಾರೆ, "ಆಚಾರಿಯವರಿಗೆ ಇಂಥದ್ದೇ ಇನ್ನೊಂದು ಬೆಂಚು ಮಾಡಲಿಕ್ಕೆ ಹೇಳಬೇಕಲ್ಲ, ಎಷ್ಟು ಗೇಣು ಅಂತ ಹೇಳುವುದು?" ಯಾವುದಾದರೂ ಒಂದು ಮಗು ಒಂದೇ ಉದ್ದದ ಕೋಲು ಬೇಕು ಎನ್ನುತ್ತದೆ. ಆಗ ಸ್ಕೇಲು ಹೊರಗೆ ಬರುತ್ತದೆ. ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಪಾಠ. ಸ್ಕೇಲಿನಲ್ಲೂ ಮಕ್ಕಳು 0 ಬಿಟ್ಟು 1ರಿಂದ ಅಳೆಯುತ್ತಾರೆ, ಪೆನ್ಸಿಲು ಒಂದು ಸೆಂಟಿಮೀಟರ್ ಉದ್ದವಾಗಿಬಿಡುತ್ತದೆ. ತುದಿ ಮುರಿದ ಸ್ಕೇಲು ಕೊಟ್ಟು "3ರಿಂದ ಸುರು ಮಾಡಿ ಅಳೆಯಿರಿ" ಎಂದರೆ, ಅಂಕೆ ಓದುವುದಕ್ಕೂ ಉದ್ದ ಎಣಿಸುವುದಕ್ಕೂ ವ್ಯತ್ಯಾಸ ಗೊತ್ತಾಗುತ್ತದೆ. ನೋಟ್ ಪುಸ್ತಕದಲ್ಲಿ ಬರುವುದು ಮೂರೇ ಸಾಲು. ಆ ಮೂರು ಸಾಲಿನ ಹಿಂದೆ ಒಂದು ಗಂಟೆಯ ತರ್ಕ ಇರುತ್ತದೆ.

ಇನ್ನೊಂದು ನಮ್ಮ ಊರಿನದ್ದೇ. ನೀರಿನ ಪಾಠದಲ್ಲಿ ಸುರಂಗದ ಮಾತು ಬರುತ್ತದೆ. ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಲ್ಲಿ ನೀರು ಎಲ್ಲಿಂದ ಬರುತ್ತದೆ? "ದೇವರು ಕೊಡುವುದು", "ಒಳಗೆ ಹೊಳೆ ಇದೆ" ಎಂಬ ಉತ್ತರ ಬರುತ್ತವೆ. ಟೀಚರ್ ಒಂದು ತುಂಡು ಮುರಕಲ್ಲು (ಜಂಬಿಟ್ಟಿಗೆ), ಒಂದು ತುಂಡು ಕರಿಕಲ್ಲು ತಂದು ಬಾಲ್ದಿ ನೀರಿಗೆ ಹಾಕುತ್ತಾರೆ. ಹಾಕುವ ಮೊದಲು ಏನಾಗಬಹುದು ಅಂತ ಎಲ್ಲರೂ ಹೇಳಿ ಆಗಿರಬೇಕು, ಇದು ಮುಖ್ಯ. ಮುರಕಲ್ಲಿನಿಂದ ಗುಳ್ಳೆ ಸಾಲಾಗಿ ಏಳುತ್ತದೆ, ಕರಿಕಲ್ಲು ಸುಮ್ಮನೆ ಕೂರುತ್ತದೆ. ನೆನೆದ ಕಲ್ಲನ್ನು ಕೈಯಲ್ಲಿ ತೂಗಿ ನೋಡುತ್ತಾರೆ. ತೂತಿನಲ್ಲಿದ್ದ ಗಾಳಿ ಹೋಗಿ ನೀರು ಹೊಕ್ಕಿತು ಎಂಬುದನ್ನು ಮಕ್ಕಳೇ ಹೇಳುತ್ತಾರೆ. ಗುಡ್ಡದಲ್ಲಿ ಬಿದ್ದ ಮಳೆ ಏನಾಯಿತು ಎಂಬ ಪ್ರಶ್ನೆಗೆ ಅಲ್ಲಿಂದ ಒಂದೇ ಹೆಜ್ಜೆ. ಸುರಂಗ ತೋರಿಸಲಿಕ್ಕೆ ಕರೆದುಕೊಂಡು ಹೋಗುವುದಾದರೆ ಅದರ ಬಾಯಿಯ ಹೊರಗೆ ನಿಂತೇ ನೋಡಿ ಬರಬೇಕು, ಒಳಗೆ ಮಕ್ಕಳನ್ನು ಬಿಡಲೇಬಾರದು. ಗಾಳಿ ಕಮ್ಮಿ, ಮಣ್ಣು ಕುಸಿಯಬಹುದು, ಹಾವು ಇರಬಹುದು.

ಈ ಎರಡರಲ್ಲೂ ನೋಡಿ, ಕೈಗಿಂತ ಬಾಯಿಗೆ ಕೆಲಸ ಜಾಸ್ತಿ. ಮಕ್ಕಳು ಊಹಿಸಿದರು, ಜಗಳ ಮಾಡಿದರು, ಕಾರಣ ಕೊಟ್ಟರು. ಹಾಗಿಲ್ಲದೆ ಎಲ್ಲರೂ ಒಂದೇ ಚಿತ್ರಕ್ಕೆ ಒಂದೇ ಬಣ್ಣ ಹಚ್ಚುವುದು, ಟೀಚರ್ ಹೇಳಿದಲ್ಲಿ ಎಲೆ ಅಂಟಿಸುವುದು ನಡೆದರೆ ಅದು ಕೈಕೆಲಸ. ಬೆರಳಿಗೆ ಒಳ್ಳೆಯದು, ಗಣಿತ ವಿಜ್ಞಾನಕ್ಕೆ ಏನೂ ಸಿಗಲಿಲ್ಲ. ನಿಮ್ಮ ಮಗಳ ಕ್ಲಾಸಿನಲ್ಲಿ ಯಾವುದು ನಡೆಯುತ್ತಿದೆ ಎಂದು ತಿಳಿಯಲು ಸಂಜೆ "ಇವತ್ತು ಏನು ಮಾಡಿದಿರಿ" ಎಂದು ಕೇಳಬೇಡಿ, "ಎಲೆ ಅಂಟಿಸಿದೆವು" ಎಂಬಲ್ಲಿಗೆ ಮುಗಿಯುತ್ತದೆ. "ಇವತ್ತು ಟೀಚರ್ ಏನು ಕೇಳಿದರು? ಯಾರು ಏನು ಹೇಳಿದರು?" ಎಂದು ಕೇಳಿ. ವಾರವಿಡೀ ಅವಳಿಗೆ ಒಂದು ಪ್ರಶ್ನೆಯೂ ನೆನಪಾಗದಿದ್ದರೆ ನಿಮ್ಮ ಚಿಂತೆಗೆ ಕಾರಣ ಇದೆ.

ಭಾಷೆಯ ವಿಷಯ ನೀವು ಒಂದೇ ಸಾಲಿನಲ್ಲಿ ಬರೆದಿರಿ. ನನಗೆ ಅದು ದೊಡ್ಡದಾಗಿ ಕಾಣುತ್ತದೆ. ನಮ್ಮ ಕನ್ನಡ ಕ್ಲಾಸುಗಳಲ್ಲಿ ತುಳು, ಮಲಯಾಳ, ಹವ್ಯಕ, ಬ್ಯಾರಿ, ಕೊಂಕಣಿ, ಮರಾಠಿ ಮಾತಾಡುವ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಪಾಠಪುಸ್ತಕದ ಕನ್ನಡ ಯಾರ ಮನೆಯದ್ದೂ ಅಲ್ಲ. ಇಂಥ ಕ್ಲಾಸಿನಲ್ಲಿ ಕೈಯಲ್ಲಿ ವಸ್ತು ಇದ್ದರೆ ದೊಡ್ಡ ಉಪಕಾರ: ಕಲ್ಲು ನೆನೆಯುವುದನ್ನು ನೋಡಿದ ಮಗು ಮೊದಲು ತುಳುವಿನಲ್ಲಿ ಹೇಳಿ, ಆಮೇಲೆ ಟೀಚರ ಸಹಾಯದಿಂದ ಕನ್ನಡದಲ್ಲಿ ಎರಡು ವಾಕ್ಯ ಬರೆಯಬಹುದು. ಆ ಎರಡು ವಾಕ್ಯ ಬೋರ್ಡಿನಿಂದ ಇಳಿಸಿದ ಎರಡು ಪುಟಕ್ಕಿಂತ ಮೇಲು. ಆದರೆ ಆ ವಾಕ್ಯ ಬರೆಯಿಸಲೇಬೇಕು, ಅವಳ ಸ್ವಂತದ್ದೇ ಆಗಬೇಕು, ಕಾಗುಣಿತ ತಪ್ಪಿದ್ದರೂ ಅಡ್ಡಿಯಿಲ್ಲ. ಕನ್ನಡ ಬಾರದವರನ್ನು ಕನ್ನಡ ಹುದ್ದೆಗೆ ನೇಮಿಸುತ್ತಾರೆ ಅಂತ ನಮ್ಮ ಜಿಲ್ಲೆಯಲ್ಲಿ ಪ್ರತಿಭಟನೆ ನಡೆದದ್ದು ನಿಮಗೆ ಗೊತ್ತೇ ಇದೆ. ಅಂಥ ಕ್ಲಾಸಿನಲ್ಲಿ ಚಟುವಟಿಕೆ ಮೂಕವಾಗಿಬಿಡುತ್ತದೆ. ನಿಮ್ಮ ಟೀಚರಿಗೆ ಆ ತೊಂದರೆ ಇದ್ದ ಹಾಗೆ ಕಾಣುವುದಿಲ್ಲ.

ಪ್ರಾಜೆಕ್ಟ್ ವಿಷಯ ಚಿಕ್ಕದು. ನಾಳೆಯಿಂದ ಥರ್ಮಾಕೋಲ್ ಮುಟ್ಟಬೇಡಿ. ಅವಳು ಮಾಡಿದ್ದು ಓರೆಯಾಗಿದ್ದರೆ ಓರೆಯಾಗಿಯೇ ಹೋಗಲಿ. ಕ್ಲಾಸಿನಲ್ಲಿ ಉಳಿದವರ ತಾಯಂದಿರು ಮಾಡಿದ ಮನೆಗಳ ಪಕ್ಕ ಅವಳ ಹಾಳೆಯ ಮನೆ ಸಪ್ಪೆ ಕಾಣುತ್ತದೆ, ಒಂದು ದಿನ ಅಳಲೂಬಹುದು. ಮೊದಲೇ ಟೀಚರಿಗೆ "ನಾನು ಮಾಡಿಕೊಡುವುದಿಲ್ಲ, ಅವಳೇ ಮಾಡುತ್ತಾಳೆ" ಎಂದು ಹೇಳಿಬಿಡಿ. ಬಹಳಷ್ಟು ಟೀಚರುಗಳಿಗೆ ಅದರಿಂದ ಸಮಾಧಾನವೇ ಆಗುತ್ತದೆ. ಪಿಟಿಎ ಮೀಟಿಂಗಿನಲ್ಲಿ ಎತ್ತಿದರೆ ಇನ್ನೂ ಒಳ್ಳೆಯದು, ನಿಮ್ಮ ಹಾಗೆ ನಿದ್ದೆಗೆಟ್ಟವರು ಇನ್ನೂ ಇರುತ್ತಾರೆ.

ಮನೆಯಿಂದ ಬೀಜ ತರಲು ಹೇಳಿದಾಗ ಒಂದು ಜಾಗ್ರತೆ. ಬೇಲಿಯಲ್ಲಿ ಸಿಗುವ ಕೆಂಪು-ಕಪ್ಪು ಗುಲಗಂಜಿ ಕಳಿಸಬೇಡಿ. ಅದನ್ನು ಜಗಿದರೆ ವಿಷ, ಜೀವಕ್ಕೇ ಅಪಾಯ. ಹಸಿ ಗೇರುಬೀಜವೂ ಬೇಡ, ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ. ಹುಣಸೆಬೀಜ ಮೂರನೇ ಕ್ಲಾಸಿಗೆ ಸಾಕು. ಮನೆಯಲ್ಲಿ ತೀರಾ ಚಿಕ್ಕ ಮಗು ಇದ್ದರೆ ಅದೂ ಕೈಗೆ ಸಿಗದಂತೆ ಇಡಿ, ಮೂಗಿಗೆ ತುರುಕಿಕೊಳ್ಳುತ್ತವೆ.

ಎಲ್‌ಎಸ್‌ಎಸ್ ಬಗ್ಗೆ ಜಾಸ್ತಿ ತಲೆಬಿಸಿ ಬೇಡ. ಅದು ನಾಲ್ಕನೇ ಕ್ಲಾಸಿನ ಸ್ಕಾಲರ್‌ಶಿಪ್ ಪರೀಕ್ಷೆ, ಸಿಗದಿದ್ದರೆ ಮಗುವಿನ ಕ್ಲಾಸು ನಿಲ್ಲುವುದಿಲ್ಲ. ಪ್ರಶ್ನೆ ಓದಿ ಅರ್ಥ ಮಾಡಿಕೊಳ್ಳುವ ಮಕ್ಕಳಿಗೆ ಅದರಲ್ಲಿ ಅನುಕೂಲ. ವೇಗವಾಗಿ ಓದುವುದು, ಸಮಯದೊಳಗೆ ಬರೆಯುವುದು ಮಾತ್ರ ಚಟುವಟಿಕೆಯಿಂದ ತಾನಾಗಿ ಬರುವುದಿಲ್ಲ. ಅದಕ್ಕೆ ದಿನಾ ಒಂದು ಪುಟ ಕನ್ನಡ ಗಟ್ಟಿಯಾಗಿ ಓದಿಸಿ, ನಾಲ್ಕು ಲೆಕ್ಕ ಮಾಡಿಸಿ. ನಾಲ್ಕಕ್ಕಿಂತ ಜಾಸ್ತಿ ಬೇಡ.

ಈಗ ಶಾಲೆ ಬದಲಾಯಿಸುವ ಮಾತು. ನಿಮ್ಮ ಯಜಮಾನರಿಗೆ ಇದನ್ನು ಓದಲು ಕೊಡಿ.

ಇದೇ ಶಾಲೆಯಲ್ಲಿ ಬಿಟ್ಟು, ಟೀಚರ ಜೊತೆ ಮಾತಾಡುವುದು ನಾನು ಮೊದಲು ಹೇಳುವ ದಾರಿ. ಮಕ್ಕಳು ಇಷ್ಟಪಡುವ ಟೀಚರ್ ಸಿಕ್ಕಿದ್ದು ಸಣ್ಣ ವಿಷಯ ಅಲ್ಲ. ದೂರು ಹೇಳಲು ಹೋಗಬೇಡಿ. ಆ 35 ಬರೆದ ಉತ್ತರಪತ್ರಿಕೆ ಹಿಡಿದುಕೊಂಡು ಹೋಗಿ, "ಕಡ್ಡಿಯಲ್ಲಿ ಮಾಡುತ್ತಾಳೆ, ಕಾಗದದಲ್ಲಿ ತಪ್ಪುತ್ತಾಳೆ, ಎರಡನ್ನೂ ಒಟ್ಟಿಗೆ ಮಾಡಿಸಬಹುದಾ?" ಎಂದು ಕೇಳಿ. ಇದರ ಅಪಾಯ ಏನೆಂದರೆ ಟೀಚರ್ ಹೂಂ ಎಂದು ಏನೂ ಬದಲಾಗದೆ ತಿಂಗಳು ಹೋಗಬಹುದು. ಒಬ್ಬರೇ ಟೀಚರ್ ಎರಡು ಕ್ಲಾಸು ನೋಡಿಕೊಳ್ಳುವ ಶಾಲೆಯಾದರೆ ಅವರಿಗೆ ಕೈ ಸಾಲದಿರಬಹುದು. ಆಗ ಮನೆಯಲ್ಲಿ ನೀವು ಕಡ್ಡಿ-ಪೆನ್ಸಿಲು ಒಟ್ಟಿಗೆ ಹಿಡಿಸಬೇಕು.

ಟ್ಯೂಷನ್‌ಗೆ ಹಾಕುವುದು ಎಲ್ಲರಿಗೂ ಹೊಳೆಯುತ್ತದೆ. ಅಲ್ಲಿ ಕಲಿಸುವುದು ಸಾಮಾನ್ಯವಾಗಿ "ಪಕ್ಕದ ಮನೆಯಿಂದ ಒಂದು ತಂದು ಹಾಕು" ಎಂಬ ಮಂತ್ರ. ಉತ್ತರ ಸರಿ ಬರುತ್ತದೆ, 502ರಿಂದ 27 ಕಳೆಯುವ ದಿನ ಪಕ್ಕದ ಮನೆ ಖಾಲಿ ಇರುತ್ತದೆ, ಮಗು ಅಲ್ಲೇ ನಿಲ್ಲುತ್ತದೆ.

ಇಂಗ್ಲಿಷ್ ಮೀಡಿಯಂಗೆ ಹೋದರೆ ನೋಟ್ ಪುಸ್ತಕ ಖಂಡಿತ ತುಂಬುತ್ತದೆ. ಆದರೆ ತುಳು, ಮಲಯಾಳ, ಕನ್ನಡ ಮೂರನ್ನು ನಿಭಾಯಿಸುತ್ತಿರುವ ಮಗುವಿಗೆ ಕಳೆಯುವ ಲೆಕ್ಕದ ಗೊಂದಲವನ್ನು ಇನ್ನು ನಾಲ್ಕನೆಯ ಭಾಷೆಯಲ್ಲಿ ಬಿಡಿಸಿಕೊಳ್ಳಬೇಕಾಗುತ್ತದೆ. ಗೊತ್ತಾಗದ್ದನ್ನು ಕೇಳಲು ಮಾತೇ ಇರುವುದಿಲ್ಲ. ಕನ್ನಡ ಓದು ಗಟ್ಟಿಯಾಗುವ ಮೊದಲೇ ಬಿಟ್ಟರೆ ಮತ್ತೆ ಕನ್ನಡ ಮಾಧ್ಯಮಕ್ಕೆ ಬರುವುದೂ ಕಷ್ಟ. ಹಾಗಂತ ಎಂದಿಗೂ ಬೇಡ ಎನ್ನುವುದಿಲ್ಲ. ಮನೆಯಲ್ಲಿ ನೋಡಿಕೊಳ್ಳಲು ಜನ ಇದ್ದು, ಒಳ್ಳೆಯ ಶಾಲೆ ಸಿಕ್ಕಿ, ಮಗು ನಿರರ್ಗಳ ಓದುವವಳಾದ ಮೇಲೆ ಹೋಗಿ ಗೆದ್ದ ಮಕ್ಕಳಿದ್ದಾರೆ.

ನೀವು ಈಗ ಮಾಡಬೇಕಾದ್ದು: ಟೀಚರ ಹತ್ತಿರ ಮಾತಾಡಿ, ಕ್ರಿಸ್‌ಮಸ್ ಪರೀಕ್ಷೆಯವರೆಗೆ ನೋಡಿ. ಆಗ ಕಳೆಯುವ ಲೆಕ್ಕ ಸರಿಯಾಗಿ, ಯಾಕೆ ಹಾಗೆ ಅಂತ ಹೇಳಲು ಬಂದರೆ ನಾಲ್ಕನೇ ಕ್ಲಾಸೂ ಅಲ್ಲೇ ಮುಗಿಸಲಿ. ಬದಲಾಯಿಸಲೇಬೇಕು ಎಂದಾದರೆ ವರ್ಷದ ಮಧ್ಯದಲ್ಲಿ ಬೇಡ, ಜೂನಿನಲ್ಲಿ ಮಾಡಿ. ಹೊಸ ಶಾಲೆ ನೋಡಲು ಹೋದಾಗ ಕಟ್ಟಡ, ಬಸ್ಸು ನೋಡಿ ಬರಬೇಡಿ, ಮೂರನೇ ಕ್ಲಾಸಿನ ಯಾವುದಾದರೂ ಎರಡು ಮಕ್ಕಳ ಪುಸ್ತಕ ಕೇಳಿ ನೋಡಿ. ಎರಡರಲ್ಲೂ ಒಂದೇ ವಾಕ್ಯ, ಒಂದೇ ಚಿತ್ರ, ಒಂದೇ ತಪ್ಪು ಇದ್ದರೆ ಅಲ್ಲಿ ಬೋರ್ಡಿನಿಂದ ಇಳಿಸುವ ಕೆಲಸ ನಡೆಯುತ್ತಿದೆ ಅಂತ ಅರ್ಥ.